ಒದ್ದೆ ಗೋಣಿಯ ಕೆಳಗಿನ ಚಿಪ್ಪು

ಕಡಲಂಚಿನ ಆ ಸಾಲುಮನೆಗಳವರು ಅವಳನ್ನು ಎದುರಿಗೆ ‘ಅಕ್ಕ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಬೈರಿಗೆ’ ಎನ್ನುತ್ತಿದ್ದರು. ಗಂಡ ದೋಣಿ ಕಟ್ಟುವ ಬಡಗಿ, ಅವನ ಶೆಡ್ಡಿನ ಗೋಡೆಯಲ್ಲಿ ಮರ ತೂತು ಮಾಡುವ ಬೈರಿಗೆಗಳು ಬೇಕಾದಷ್ಟು ನೇತಾಡುತ್ತಿದ್ದವು. ಆದರೆ ಆ ಹೆಸರು ಬಂದದ್ದು ಅಲ್ಲಿಂದಲ್ಲ, ಅವಳ ನಾಲಿಗೆಯಿಂದ. ಒಂದು ಮಾತು ಹಿಡಿದಳೆಂದರೆ ಎದುರಿನವರ ಎದೆ ತೂತಾಗುವ ತನಕ ಬಿಡುತ್ತಿರಲಿಲ್ಲ. ಹೆಸರಿಟ್ಟವಳು ಅವಳ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ. ಹೆಸರು ಅಷ್ಟು ಸರಿಯಾಗಿ ಹೊಂದಿತ್ತಲ್ಲ, ಬೈರಿಗೆಗೆ ಹೆಚ್ಚು ಉರಿದದ್ದು ಅದಕ್ಕೇ.

ಎರಡು ಜಡೆ ಸೇರುವುದಿಲ್ಲ ಎಂದು ಗಾದೆಯಿದೆ. ಇವರದು ಸೇರುವ ಮಾತು ಹಾಗಿರಲಿ, ಒಂದರ ನೆರಳು ಇನ್ನೊಂದರ ಮೇಲೆ ಬಿದ್ದರೂ ರಂಪವಾಗುತ್ತಿತ್ತು. ಎರಡು ಮನೆಗಳಿಗೆ ನಡುವೆ ಒಂದೇ ಗೋಡೆ. ಹಿಂದೆ ಒಂದೇ ಹಿತ್ತಲು, ಅದರ ನಡುವೆ ಮೊಣಕಾಲೆತ್ತರದ ಕಲ್ಲಿನ ಕಟ್ಟೆ. ಆಚೆ ಮನೆಯಲ್ಲಿ ಪಾತ್ರೆ ಬಿದ್ದ ಸದ್ದಾದರೆ ಬೈರಿಗೆ, “ನನ್ನ ತಲೆ ಮೇಲೆ ಹಾಕೋಕೆ ಅಂತ ಎತ್ತಿದ್ದು, ಕೈ ಜಾರಿರ್ಬೇಕು” ಎಂದು ಗೋಡೆಗೆ ಕೇಳಿಸುವಂತೆ ಹೇಳುತ್ತಿದ್ದಳು. ಗೋಡೆಯ ಆಚೆಯಿಂದ ಕೂಡಲೇ ಇನ್ನೊಂದು ಪಾತ್ರೆ ಬೀಳುತ್ತಿತ್ತು, ಈ ಸಲ ಬೇಕೆಂದೇ.

ಜಗಳದ ಬೇರು ಇದ್ದದ್ದು ಪಾತಿಯಲ್ಲಿ. ಪಾತಿ ಎಂದರೆ ಸೊಪ್ಪು ಬೆಳೆಯುವ ಪಾತಿಯಲ್ಲ. ನೀರು ಇಳಿದಾಗ ಮೇಲೇಳುವ ಕಲ್ಲುಹಾಸು. ಅದರ ಮೇಲೆ ಒಣಗಿದ ಹಳೆಯ ಕಪ್ಪೆಚಿಪ್ಪುಗಳನ್ನು ಹರಡಿ, ಬಲೆಯ ತುಂಡು ಮುಚ್ಚಿ, ನಾಲ್ಕು ಕಡೆ ಕಲ್ಲು ಹೇರಿ ಬಿಡಬೇಕು. ಎಲ್ಲಿಂದಲೋ ನೀರಿನಲ್ಲಿ ತೇಲಿ ಬರುವ, ಕಣ್ಣಿಗೂ ಕಾಣದ ಕಪ್ಪೆಚಿಪ್ಪಿನ ಮರಿಗಳು ಆ ಹಳೆಯ ಚಿಪ್ಪಿಗೆ ನೂಲು ಬಿಟ್ಟು ಅಂಟಿಕೊಂಡು ಅಲ್ಲೇ ಸಂಸಾರ ಹೂಡುತ್ತವೆ, ಬಲಿತ ಮೇಲೆ ಕೊಯ್ದು ಮಾರುವುದು. ಅತ್ತೆ ಇದ್ದಾಗ ಪಾತಿ ಒಂದೇ ಆಗಿತ್ತು. ಕಣ್ಣು ಮುಚ್ಚುವ ಮುಂಚೆ ಅವಳು ಎರಡು ಮಾಡಿದಳು. ದಡದ ಕಡೆಯದು ಮೇಲ್ಪಾತಿ, ಕಡಲ ಕಡೆಯದು ಕೆಳಪಾತಿ, ನಡುವೆ ಸಡಿಲ ಮರಳಿನ ಕಾಲುವೆ.

“ಹಿರಿಯವಳು ಮೊದಲು ಆರಿಸ್ಕೊಳ್ಳಲಿ” ಎಂದಿದ್ದಳು ಅತ್ತೆ.

ಬೈರಿಗೆ ಹಿಂದೆಮುಂದೆ ನೋಡದೆ ಮೇಲ್ಪಾತಿ ಆರಿಸಿದಳು, ಅಲ್ಲಿಗೆ ಮೊಣಕಾಲು ನೆನೆಯದೆ ಹೋಗಿಬರಬಹುದೆಂದು. ಮರುವರ್ಷವೇ ಕಣ್ಣು ತೆರೆಯಿತು. ಕೆಳಪಾತಿ ಹೆಚ್ಚು ಹೊತ್ತು ನೀರಿನಲ್ಲಿರುತ್ತದೆ; ನೀರಿನಲ್ಲಿದ್ದಷ್ಟು ಹೊತ್ತೂ ಚಿಪ್ಪು ಬಾಯಿ ತೆರೆದು ತಿನ್ನುತ್ತಿರುತ್ತದೆ. ಅಲ್ಲಿಯದು ಹೆಬ್ಬೆರಳು ಮೀರಿ ಬೆಳೆದರೆ ಇಲ್ಲಿಯದು ಕಿರುಬೆರಳಿಗೇ ನಿಲ್ಲುತ್ತಿತ್ತು. ತಾನೇ ಆರಿಸಿಕೊಂಡದ್ದಕ್ಕೆ ಯಾರನ್ನು ಬೈಯುವುದು? ಬೇರೆ ಯಾರೂ ಸಿಗಲಿಲ್ಲವಾಗಿ ವಾರಗಿತ್ತಿಯನ್ನು ಬೈದಳು.

ಒಂದು ವಿಷಯದಲ್ಲಿ ಮಾತ್ರ ಮೇಲ್ಪಾತಿಯ ಕೈ ಮೇಲಿತ್ತು. ಅಲ್ಲಿ ಕೊರಕವಿರಲಿಲ್ಲ.

ಕಡಲ ಬಸವನಹುಳುಗಳೆಲ್ಲ ಕೆಟ್ಟವೇನಲ್ಲ. ಬಂಡೆಯ ನೆತ್ತಿಯಲ್ಲಿ ಕೂತು ಪಾಚಿ ನೆಕ್ಕುವವು ಇವೆ. ಟೋಪಿಯಂತೆ ಕಲ್ಲಿಗೆ ಕವುಚಿಕೊಂಡು ಯಾರ ತಂಟೆಗೂ ಹೋಗದವು ಇವೆ. ಸತ್ತ ಮೀನಿನ ವಾಸನೆ ಹಿಡಿದು ಮರಳಿನೊಳಗಿಂದ ಎದ್ದು ಬಂದು, ತಿಂದು ಗುಡಿಸಿಟ್ಟು ಹೋಗುವವೂ ಇವೆ. ಕೊರಕ ಅಂಥ ಸಭ್ಯಸ್ಥ ಕುಲದ್ದಲ್ಲ. ಬೂದು ಬಣ್ಣ, ಗಂಟುಗಂಟು ಬೆನ್ನು, ಹೆಬ್ಬೆರಳ ಉಗುರಿನ ಗಾತ್ರ. ಕಪ್ಪೆಚಿಪ್ಪಿನ ಮೇಲೆ ಹತ್ತಿ ಕೂತಿತೆಂದರೆ ಅದರ ಕತೆ ಮುಗಿಯಿತು. ಅದರ ನಾಲಿಗೆಯಲ್ಲಿ ಬಡಗಿಯ ಅರದಂತೆ ಹಲ್ಲಿನ ಸಾಲು. ಮೊದಲು ಹುಳಿಯಂಥ ರಸ ಬಿಟ್ಟು ಚಿಪ್ಪನ್ನು ಮೆತ್ತಗೆ ಮಾಡುತ್ತದೆ, ಆಮೇಲೆ ನಾಲಿಗೆಯಿಂದ ಉಜ್ಜುತ್ತದೆ, ಮತ್ತೆ ರಸ, ಮತ್ತೆ ಉಜ್ಜುವುದು, ದಿನಗಟ್ಟಲೆ. ಕೊನೆಗೆ ಬೈರಿಗೆಯಲ್ಲಿ ಕೊರೆದಂಥ ದುಂಡನೆಯ ತೂತು. ಅದರೊಳಗೆ ಸೊಂಡಿಲು ಇಳಿಸಿ, ಒಳಗಿನದನ್ನು ಚೂರೂ ಬಿಡದೆ ತಿಂದು, ಪಕ್ಕದ ಮನೆಗೆ ಹೋಗುತ್ತದೆ.

ಕೆಳಪಾತಿಯ ಕಲ್ಲಿನ ಸಂದುಗಳಲ್ಲಿ ಇದು ಎಂದಿನಿಂದಲೂ ಇತ್ತು. ಪ್ರತಿ ಇಳಿತಕ್ಕೂ ವಾರಗಿತ್ತಿ ಡಬ್ಬಿ ಹಿಡಿದು ಬೆನ್ನು ಬಗ್ಗಿಸಿ ಹೆಕ್ಕುತ್ತಿದ್ದಳು. ಮೇಲ್ಪಾತಿಗೆ ಅದು ಬಾರದಿದ್ದದ್ದು ನಡುವಿನ ಮರಳಿನಿಂದ; ಕೊರಕದ ಪಾದಕ್ಕೆ ಗಟ್ಟಿ ಕಲ್ಲು ಬೇಕು, ಸಡಿಲ ಮರಳಿನಲ್ಲಿ ಅದು ತೆವಳಲಾರದು. ಬೈರಿಗೆಗೆ ಇದು ಗೊತ್ತಿತ್ತು. ಆದರೂ ಹೊಗಳಿಕೆಯನ್ನು ಮರಳಿಗೆ ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ಅವಳದಲ್ಲ.

“ಗುಡಿಸೋಕೆ ಬಾರದವರ ಮನೆಗೆ ಹುಳ ಬರದೆ ದಿಬ್ಬಣ ಬರುತ್ತಾ?” ಎಂದು ದಡದ ಮೇಲೆ ನಿಂತು ಕೇಳುತ್ತಿದ್ದಳು.

ವಾರಗಿತ್ತಿ ತಲೆ ಎತ್ತುತ್ತಿರಲಿಲ್ಲ. ಹೆಕ್ಕುತ್ತಲೇ, “ಹುಳಾನೂ ರುಚಿ ನೋಡಿ ಬರುತ್ತೆ ಅಕ್ಕಾ. ನಿಮ್ಮ ಪಾತೀಲಿ ತಿನ್ನೋಕೆ ಏನಿದೆ?” ಎನ್ನುತ್ತಿದ್ದಳು.

ಇಡೀ ದಡಕ್ಕೆ ಪಾತಿಯವರ ಸಂಘವೊಂದಿತ್ತು. ಅದರ ಯಜಮಾನ ಲಂಗರಜ್ಜ; ಒಮ್ಮೆ ಕೂತರೆ ನಾಲ್ಕು ಜನ ಎಳೆದರೂ ಏಳುವುದಿಲ್ಲವೆಂದು ಆ ಹೆಸರು. ಸಂಘದ ಕಟ್ಟಳೆಗಳೂ ಅವನಷ್ಟೇ ಹಳೆಯವು, ಅವನಷ್ಟೇ ಮೊಂಡು. ಹೆಕ್ಕಿದ ಕೊರಕವನ್ನು ಜೀವಂತವಾಗಿ ನೀರಿಗೆ ಎಸೆಯುವಂತಿಲ್ಲ. ಎಸೆದವರ ಪಾತಿ ಹೋಯಿತೆಂದೇ ತಿಳಿಯಬೇಕು. ದಡದ ಜಜ್ಜುಗಲ್ಲಿಗೆ ತಂದು ಸುತ್ತಿಗೆಯಿಂದ ಜಜ್ಜಬೇಕು. ಇನ್ನೊಬ್ಬರ ಪಾತಿಯಿಂದಲೋ ರಾಶಿಯಿಂದಲೋ ಚಿಪ್ಪು ತೆಗೆದವರು ಒಂದು ಹಂಗಾಮು ನೀರಿಗಿಳಿಯುವಂತಿಲ್ಲ, ಕಲ್ಲಿನ ಬಳಿ ಕೂತು ಎಲ್ಲರ ಕೊರಕವನ್ನೂ ಜಜ್ಜಬೇಕು. ಕೂತವರ ಪಾತಿಯನ್ನು ಪಕ್ಕದ ಪಾತಿಯವರು ನೋಡಿಕೊಂಡು, ಆ ಹಂಗಾಮಿನ ಬೆಳೆ ತಾವು ತೆಗೆದುಕೊಂಡು, ಕೊನೆಗೆ ಒಂದೇ ಒಂದು ಕೊರಕವೂ ಇಲ್ಲದಂತೆ ಮರಳಿಸಬೇಕು. ಒಂದು ಸಿಕ್ಕರೂ ಅವರು ಕೂರಬೇಕು. ಹಿಂದೊಮ್ಮೆ ಹೀಗೆ ಒಬ್ಬರ ಹಿಂದೊಬ್ಬರು ಕೂತು, ನೀರಿನಲ್ಲಿ ಇರುವವರಿಗಿಂತ ಕಲ್ಲಿನ ಬಳಿ ಇರುವವರೇ ಹೆಚ್ಚಾಗಿದ್ದರಂತೆ. ಅತ್ತೆ ಇದನ್ನು ಹೇಳಿ ಹೇಳಿ ನಗುತ್ತಿದ್ದಳು.

ಆ ವರ್ಷ ಹಂಗಾಮು ಶುರುವಾಗುವ ಹೊತ್ತಿಗೆ ಬೈರಿಗೆಯ ಹಿತ್ತಲಿನಲ್ಲಿದ್ದ ಹಳೆಯ ಚಿಪ್ಪಿನ ರಾಶಿ ಮಾಯವಾಗಿತ್ತು.

“ರೀ, ನನ್ನ ಚಿಪ್ಪೆಲ್ಲಿ?”

“ಶೆಡ್ಡಿನ ಮುಂದೆ ಕೆಸರಾಗಿತ್ತಲ್ಲ, ಹಾಸಿಬಿಟ್ಟೆ” ಎಂದ ಗಂಡ, ಹಲಗೆಯಿಂದ ಕಣ್ಣೆತ್ತದೆ. “ಸುಮ್ನೆ ಬಿದ್ದಿತ್ತು.”

“ನೀವೂ ಸುಮ್ನೆ ಬಿದ್ದಿರ್ತೀರಿ. ನಿಮ್ಮನ್ನ ಹಾಸ್ಲಾ?”

ಅವನನ್ನು ಹಾಸುವುದರಿಂದ ಪಾತಿಗೆ ಏನೂ ಪ್ರಯೋಜನವಿರಲಿಲ್ಲ. ಹಳೆಯ ಚಿಪ್ಪಿಲ್ಲದೆ ಮರಿ ನಿಲ್ಲುವುದಿಲ್ಲ, ಮರಿ ನಿಲ್ಲದಿದ್ದರೆ ವರ್ಷವಿಡೀ ಕೈಕಟ್ಟಿ ಕೂರಬೇಕು. ಗಂಡನ ಮನೆ, ಗಂಡನ ಶೆಡ್ಡು, ಗಂಡನ ದೋಣಿ. ಅವಳದು ಎಂದು ಹೇಳಿಕೊಳ್ಳಲು ಲೋಕದಲ್ಲಿ ಇದ್ದದ್ದು ಆ ಮೇಲ್ಪಾತಿ ಒಂದೇ. ಕಟ್ಟೆಯ ಆಚೆ ನೋಡಿದಳು. ವಾರಗಿತ್ತಿಯ ರಾಶಿ ಸೊಂಟದೆತ್ತರಕ್ಕಿತ್ತು. ಆ ರಾಶಿಯ ತಳದಲ್ಲಿರುವ ಚಿಪ್ಪು ಅತ್ತೆಯ ಕಾಲದ್ದಲ್ಲವೇ? ಅತ್ತೆಯದೆಂದರೆ ಇಬ್ಬರಿಗೂ ಸೇರಿದ್ದು. ಇಬ್ಬರಿಗೂ ಸೇರಿದ್ದೆಂದರೆ ಹಿರಿಯವಳಿಗೆ ಸೇರಿದ್ದು. ಈ ನ್ಯಾಯ ತೀರ್ಮಾನವಾಗಲು ಅವಳು ಕಟ್ಟೆ ದಾಟುವಷ್ಟು ಹೊತ್ತು ಸಾಕಾಯಿತು.

ವಾರಗಿತ್ತಿ ಮಧ್ಯಾಹ್ನ ಮಾರುಕಟ್ಟೆಗೆ ಹೋದಾಗ ಒಂದು ಬುಟ್ಟಿ, ಮರುದಿನ ಇನ್ನೊಂದು ಬುಟ್ಟಿ. ರಾಶಿ ಕುಗ್ಗುತ್ತ ಬಂತು, ಆಚೆಯಿಂದ ಒಂದು ಸೊಲ್ಲಿಲ್ಲ. ಪಾತ್ರೆಯೂ ಬೀಳಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಅನುಮಾನ ಪಡುತ್ತಿದ್ದರು. ಬೈರಿಗೆ, “ಅವಳಿಗೆ ಕಣ್ಣು ಮಂಜಾಗಿದೆ” ಎಂದುಕೊಂಡಳು.

ಒಂದು ಮಧ್ಯಾಹ್ನ ನೋಡಿದರೆ ರಾಶಿಯ ಒಂದು ಮೂಲೆಗೆ ಒದ್ದೆ ಗೋಣಿ ಮುಚ್ಚಿತ್ತು.

‘ಬಚ್ಚಿಡ್ತಿದ್ದಾಳೆ’ ಎಂದು ಬೈರಿಗೆಯ ಮೈ ಉರಿಯಿತು. ಮುಚ್ಚಿಟ್ಟದ್ದೆಂದ ಮೇಲೆ ಒಳ್ಳೆಯದೇ ಇರಬೇಕು. ಗೋಣಿ ಎತ್ತಿದಳು. ಕೆಳಗಿದ್ದದ್ದು ದಪ್ಪನೆಯ, ಒರಟಾದ, ತೇವವಾದ ಚಿಪ್ಪು, ಮರಿ ಅಂಟಲು ಹೇಳಿ ಮಾಡಿಸಿದಂತಿತ್ತು. ಒಳಮೈಯಲ್ಲಿ ಗೋಧಿಕಾಳು ನೆಟ್ಟಗೆ ನಿಲ್ಲಿಸಿದಂತೆ ಒತ್ತೊತ್ತಾಗಿ ಏನೋ ಅಂಟಿತ್ತು, ಒಣಹುಲ್ಲಿನ ಬಣ್ಣದ್ದು. ಯಾವುದೋ ಪಾಚಿಯ ಬೀಜವಿರಬೇಕೆಂದುಕೊಂಡಳು. ಕೆಳಪಾತಿಯಲ್ಲಿ ಒಂದು ದಿನ ಬೆನ್ನು ಬಗ್ಗಿಸಿದ್ದರೆ ಅದೇನೆಂದು ಗೊತ್ತಿರುತ್ತಿತ್ತು. ಅವಳು ಎಂದೂ ಅಲ್ಲಿಗೆ ಇಳಿದವಳಲ್ಲ, ದಡದಿಂದ ಆಡಿಕೊಂಡವಳು ಅಷ್ಟೇ. ಗೋಣಿಯ ಕೆಳಗಿನದನ್ನೆಲ್ಲ ಹೊತ್ತು, ಗೋಣಿಯನ್ನು ಮಾತ್ರ ಇದ್ದ ಹಾಗೆಯೇ ಹೊದಿಸಿಟ್ಟು ಬಂದಳು. ಅಷ್ಟು ಪ್ರಾಮಾಣಿಕತೆ ಅವಳಲ್ಲಿತ್ತು.

ಆ ವರ್ಷ ಮರಿಗಳು ಹಿಂದೆಂದೂ ಕಾಣದಷ್ಟು ದಟ್ಟವಾಗಿ ಕೂತವು. ಬೈರಿಗೆ ಬಲೆ ಎತ್ತಿ ಎತ್ತಿ ನೋಡಿ ಹಿಗ್ಗಿದಳು. ಆಮೇಲೆ ಸಾಯತೊಡಗಿದವು. ಅಕ್ಕಿಕಾಳಿನಷ್ಟು ಬೆಳೆದ ಮರಿಗಳು ಬಾಯಿ ತೆರೆದು ಖಾಲಿ ಬಿದ್ದಿರುತ್ತಿದ್ದವು, ಒಂದೊಂದರಲ್ಲೂ ಸೂಜಿಮೊನೆಯ ತೂತು. ತೂತು ಯಾರದೆಂದು ದಡದಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಅವಳು ಕಲ್ಲು ಮಗುಚಿದಳು, ಸಂದುಗಳಿಗೆ ಬೆರಳು ತೂರಿಸಿದಳು, ಉಗುರಿನ ಗಾತ್ರದ ಕೊರಕಕ್ಕಾಗಿ ಇಳಿತವಿಡೀ ತಡಕಾಡಿದಳು. ಒಂದೂ ಸಿಗಲಿಲ್ಲ. ಮರಿ ಮಾತ್ರ ದಿನದಿನಕ್ಕೆ ಕಡಿಮೆಯಾಗುತ್ತಿತ್ತು. ಹೀಗೇ ಹೋದರೆ ಹಂಗಾಮು ಮುಗಿಯುವುದರೊಳಗೆ ಪಾತಿ ಬೋಳು ಕಲ್ಲಾಗುವುದು ಖಂಡಿತವಿತ್ತು.

ತಾನು ಕಳ್ಳ, ಪರರ ನಂಬ ಎನ್ನುತ್ತಾರೆ. ಬೈರಿಗೆಗೆ ತಕ್ಷಣ ಹೊಳೆದುಬಿಟ್ಟಿತು.

“ಅವಳೇ ರೀ. ಹುಳ ತಂದು ನನ್ನ ಪಾತೀಲಿ ಬಿಡ್ತಾಳೆ, ತಿಂದಾದ್ಮೇಲೆ ಹೆಕ್ಕೊಂಡು ಹೋಗ್ತಾಳೆ.”

“ಕುರಿ ಮೇಯಿಸಿದ ಹಾಗಾ?” ಎಂದ ಗಂಡ.

“ನಗಿ, ನಗಿ. ಚಿಪ್ಪು ಕೆಸರಿಗೆ ಹಾಕಿದೋರು ನೀವಲ್ವಾ, ನಗದೆ ಏನು ಮಾಡ್ತೀರಿ.”

ಲಂಗರಜ್ಜನ ಬಳಿ ದೂರು ಹೋಯಿತು. ಪಾತಿಯವರೆಲ್ಲ ಸೇರಿ ವಿಚಾರಿಸುವುದೆಂದಾಯಿತು. ಕೊರಕ ಎಸೆದದ್ದು ನಿಜವಾದರೆ ಕೆಳಪಾತಿ ವಾರಗಿತ್ತಿಯ ಕೈಬಿಡುತ್ತದೆ. ಆ ಸಂಜೆ ಇಬ್ಬರೂ ಹಿತ್ತಲ ಕಟ್ಟೆಯ ಎರಡು ಕಡೆ ನಿಂತರು.

“ಅಕ್ಕಾ, ನಿಮ್ಮ ಪಾತಿಗೆ ಒಂದೇ ಒಂದು ಹುಳಾನೂ ನಾನು ಎಸೆದಿಲ್ಲ. ಎಸೆದಿದ್ರೆ ಈ ಕೈ ಬಿದ್ದುಹೋಗ್ಲಿ.”

“ಕೈ ಹೋದ್ರೂ ನಾಲಿಗೆ ಉಳಿಯುತ್ತಲ್ಲ ನಿಂಗೆ.”

“ಅದ್ರಲ್ಲಿ ನಿಮ್ಮ ಸರಿಸಮ ಯಾರಿದ್ದಾರೆ ಅಕ್ಕಾ?” ಎಂದು ವಾರಗಿತ್ತಿ ಒಳಗೆ ಹೋದಳು. ಹೋಗುವಾಗ ಅವಳು ನಗುತ್ತಿದ್ದಳೆಂದು ಬೈರಿಗೆಗೆ ಅನ್ನಿಸಿತು, ಏಕೆಂದು ಗೊತ್ತಾಗಲಿಲ್ಲ.

ಸಭೆಯ ಹಿಂದಿನ ದಿನ, ಸಾಕ್ಷಿಗಿರಲಿ ಎಂದು ಬೈರಿಗೆ ತನ್ನ ಪಾತಿಯಿಂದ ಒಂದು ಹಿಡಿ ಚಿಪ್ಪು ತಂದಳು. ಸತ್ತ ಮರಿ, ತೂತು ಬಿದ್ದ ಮರಿ, ಇನ್ನೂ ಬದುಕಿದ್ದ ಮರಿ, ಎಲ್ಲ ಅಂಟಿದ್ದ ಚಿಪ್ಪು. ಕೆಡದಿರಲೆಂದು ಅಡುಗೆಮನೆಯಲ್ಲಿ ಬಿಳಿ ಬೋಗುಣಿಗೆ ಸಮುದ್ರದ ನೀರು ತುಂಬಿ ಅದರಲ್ಲಿ ಹಾಕಿಟ್ಟಳು.

ಬೆಳಗ್ಗೆ ಒಲೆ ಹಚ್ಚಲು ಬಂದವಳು ಬೋಗುಣಿಯ ಗೋಡೆಯ ಮೇಲೆ ಸಾಸಿವೆ ಸಿಡಿದಿರುವುದನ್ನು ಕಂಡಳು. ಒರೆಸಲು ಬಟ್ಟೆ ತಂದಳು. ಸಾಸಿವೆ ನಡೆಯುತ್ತಿತ್ತು.

ಗಂಡನ ಕನ್ನಡಕ ಎಳೆದು ತಂದು, ಅದನ್ನು ನೀರಿನ ಮೇಲೆ ಹಿಡಿದು ನೋಡಿದಳು. ಒಂದೊಂದು ಸಾಸಿವೆಗೂ ಒಂದು ಸುರುಳಿ, ಸುರುಳಿಯ ಮೇಲೆ ಗಂಟುಗಂಟು, ಕೆಳಗೆ ಹಿಟ್ಟಿನ ಬಣ್ಣದ ಪುಟ್ಟ ಪಾದ. ಒಂದು ಸಾಸಿವೆ ಬದುಕಿದ್ದ ಒಂದು ಮರಿಚಿಪ್ಪಿನ ಬೆನ್ನೇರಿ ಕದಲದೆ ಕೂತಿತ್ತು. ಅವಳು ಇಷ್ಟು ದಿನ ಕಳ್ಳನನ್ನು ಉಗುರಿನ ಗಾತ್ರದಲ್ಲಿ ಹುಡುಕಿದ್ದಳು, ಕಳ್ಳ ಸಾಸಿವೆಯ ಗಾತ್ರದಲ್ಲಿ ಊಟ ಮಾಡುತ್ತಿದ್ದ.

ಎಲ್ಲಿಂದ ಬಂದವು? ಚಿಪ್ಪನ್ನು ಮಗುಚಿದಳು. ಒಳಮೈಯಲ್ಲಿ ಆ ಗೋಧಿಕಾಳುಗಳು. ಬಹಳಷ್ಟರ ತುದಿ ಒಡೆದು ಖಾಲಿಯಾಗಿತ್ತು. ಒಡೆಯದೆ ಉಳಿದ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದಳು, ಒಳಗೆ ಏನೋ ಹೊರಳಿತು. ಸೂಜಿಯಿಂದ ಸೀಳಿದಳು. ಒಳಗೆ ಎರಡು ಮೂರು ದಪ್ಪ ಮರಿಕೊರಕ, ಸುತ್ತ ಅರ್ಧಂಬರ್ಧ ತಿಂದ ಮೊಟ್ಟೆಗಳ ಗಂಜಿ. ಮೊದಲು ಕಣ್ಣು ಬಿಟ್ಟವು ಕಣ್ಣು ಬಿಡದ ಒಡಹುಟ್ಟುಗಳನ್ನೇ ತಿಂದು ಬೆಳೆದು ಹೊರಗೆ ಬರುತ್ತಿದ್ದವು. ಕಪ್ಪೆಚಿಪ್ಪಿನ ಮರಿಗಳ ಹಾಗೆ ನೀರಿನಲ್ಲಿ ತೇಲಿ ಊರೂರು ಅಲೆಯುವ ಜಾತಿಯಲ್ಲ ಇದು. ಹುಟ್ಟಿದಲ್ಲೇ ನಡೆದು ಇಳಿದು, ಎದುರಿಗಿದ್ದದ್ದನ್ನು ತಿನ್ನಲು ಕೂರುವ ಜಾತಿ. ನಮ್ಮ ಮನೆತನದ್ದೇ ಎಂದುಕೊಂಡಳು ಬೈರಿಗೆ.

ಅಲ್ಲಿಗೆ ನಿಂತಿದ್ದರೆ ವಿಧಿ ಎಂದು ಬಿಡಬಹುದಿತ್ತು. ಆದರೆ ಅವಳ ತಲೆ ಮುಂದಕ್ಕೆ ಹೋಯಿತು. ಹಿತ್ತಲಿನ ರಾಶಿ ವರ್ಷವಿಡೀ ಬಿಸಿಲಿನಲ್ಲಿ ಒಣಗುತ್ತದೆ. ಇಂಥ ಮೊಟ್ಟೆ ಒಂದು ಬಿಸಿಲಿಗೆ ಸುಟ್ಟು ಹೊಟ್ಟಾಗಬೇಕು. ಇವು ಸತ್ತಿರಲಿಲ್ಲ. ಅಂದರೆ ಕೆಳಪಾತಿಯಿಂದ ಆಗತಾನೇ ತಂದು, ಸಾಯದಂತೆ ಯಾರೋ ಸಮುದ್ರದ ನೀರು ಚಿಮುಕಿಸಿ ಕಾಪಾಡಿದ್ದರು. ಒದ್ದೆ ಗೋಣಿ ಹೊದಿಸಿ.

ಬೈರಿಗೆ ಮಣೆ ಎಳೆದುಕೊಂಡು ಕೂತುಬಿಟ್ಟಳು. ವಾರಗಿತ್ತಿ ಮೋಸ ಮಾಡಿದಳೆಂದು ಅಷ್ಟು ಸಿಟ್ಟಲ್ಲ. ಮುಚ್ಚಿಟ್ಟದ್ದನ್ನೇ ಇವಳು ಎತ್ತುತ್ತಾಳೆ, ಎತ್ತಿದ್ದನ್ನೆಲ್ಲ ಹೊರುತ್ತಾಳೆ, ಹೊತ್ತದ್ದನ್ನು ಯಾರಿಗೂ ಹೇಳಲಾರಳು ಎಂದು ಕರಾರುವಾಕ್ಕಾಗಿ ತಿಳಿದಿದ್ದಳಲ್ಲ ಎಂಬ ಸಿಟ್ಟು. ಹಾಸಿಗೆ ಹಂಚಿಕೊಂಡ ಗಂಡನಿಗೂ ತಾನು ಅಷ್ಟು ಅರ್ಥವಾಗಿರಲಿಲ್ಲ.

ಗಂಡ ಎಲ್ಲ ಕೇಳಿ ತಲೆ ಕೆರೆದುಕೊಂಡ. “ದೂರು ವಾಪಸ್ ತಗೊಂಡುಬಿಡು. ಹೇಳಿದ್ರೆ ಕಳ್ಳಿ ಆಗ್ತೀಯ, ಹೇಳದಿದ್ರೆ ಸುಳ್ಳಿ ಆಗ್ತೀಯ.”

“ಎರಡೂ ಬೇಡ ಅಂದ್ರೆ?”

“ಮೂರನೇದು ನಂಗೆ ಗೊತ್ತಿಲ್ಲಪ್ಪ.”

ಬಹಳ ಹೊತ್ತು ಅವಳು ಬೋಗುಣಿಯನ್ನೇ ನೋಡುತ್ತ ಕೂತಳು. ಸಾಸಿವೆಗಳು ಗೋಡೆ ಹತ್ತುತ್ತಿದ್ದವು, ಅವಳು ಬೆರಳಿನಿಂದ ನೀರಿಗೆ ತಳ್ಳುತ್ತಿದ್ದಳು. ಮತ್ತೆ ಹತ್ತುತ್ತಿದ್ದವು. ಒಂದೊಂದನ್ನೇ ಚಿಮಟದಲ್ಲಿ ಹಿಡಿದರೂ ಇಡೀ ಪಾತಿಯನ್ನು ಶುದ್ಧ ಮಾಡಲು ಎಷ್ಟು ಇಳಿತ ಬೇಕಾದೀತು ಎಂದು ಲೆಕ್ಕ ಹಾಕಿದಳು. ಲೆಕ್ಕ ಹಾಕುತ್ತ ಹಾಕುತ್ತ ಅವಳ ಮುಖ ಅರಳಿತು.

“ರೀ, ನಮ್ಮ ಪಾತಿ ಪಕ್ಕ ಯಾರದ್ದು?”

“ಗೊತ್ತಿಲ್ವಾ? ಅವಳದ್ದೇ. ಆ ಕಡೆ ಬರೀ ಬಂಡೆ.”

“ಸರಿ” ಎಂದು ಎದ್ದು ತಲೆ ಬಾಚಿಕೊಂಡಳು.

ಸಭೆ ನಡೆದದ್ದು ಮಂಜುಗಡ್ಡೆ ಶೆಡ್ಡಿನಲ್ಲಿ. ತಲೆಕೆಳಗಾದ ಮೀನಿನ ಪೆಟ್ಟಿಗೆಗಳ ಮೇಲೆ ಎಲ್ಲರೂ ಕೂತಿದ್ದರು. ನೆಲದಲ್ಲಿ ಕರಗಿದ ನೀರು, ಮೇಲೆ ಸತ್ತಂತೆ ಉರಿಯುವ ಒಂದು ದೀಪ. ಲಂಗರಜ್ಜ ತೂಕದ ಯಂತ್ರದ ಪಕ್ಕ ಬೇರೂರಿದ್ದ.

“ಅವಳು ಎಸೆದದ್ದನ್ನ ಕಣ್ಣಾರೆ ನೋಡಿದ್ಯಾ?” ಎಂದು ಬೈರಿಗೆಯನ್ನು ಕೇಳಿದ.

ಬೈರಿಗೆ ಉತ್ತರಿಸುವ ಮುಂಚೆಯೇ ವಾರಗಿತ್ತಿ ಎದ್ದಳು. ಬೆಣ್ಣೆಯಂಥ ದನಿ. “ಅಜ್ಜಾ, ಹುಳ ಮರಳು ದಾಟಲ್ಲ ಅಂತ ಅಕ್ಕನೇ ಊರಿಗೆಲ್ಲ ಹೇಳ್ಕೊಂಡು ಬಂದಿದ್ದಾರೆ. ನಾನಂತೂ ಎಸೆದಿಲ್ಲ. ಹಾಗಾದ್ರೆ ಯಾರೋ ಹೊತ್ಕೊಂಡೇ ಬಂದಿರ್ಬೇಕು. ನನ್ನ ಹಿತ್ತಲಲ್ಲಿ ಚಿಪ್ಪಿನ ರಾಶಿ ಇತ್ತು, ಈಗ ಅರ್ಧ ಇಲ್ಲ. ಯಾರು ತಗೊಂಡ್ರೋ ನಂಗೆ ಗೊತ್ತಿಲ್ಲ. ಯಾರು ತಗೊಂಡಿದ್ದಾರೋ ಅವರಿಗೆ ಗೊತ್ತಿರುತ್ತೆ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಲೋಕರೂಢಿ. ವಾರಗಿತ್ತಿ ಅದನ್ನೇ ಕಾಯುತ್ತ ಇವಳ ಹೆಗಲನ್ನು ನೋಡುತ್ತಿದ್ದಳು. ಬೈರಿಗೆ ಹೆಗಲು ಮುಟ್ಟಿಕೊಳ್ಳಲಿಲ್ಲ. ಟವೆಲು ಮುಚ್ಚಿದ್ದ ಬೋಗುಣಿಯನ್ನು ಲಂಗರಜ್ಜನ ಕಾಲ ಬಳಿ ಇಟ್ಟಳು.

“ನಾನೇ ತಗೊಂಡೆ” ಎಂದಳು.

ಕೂತವರೆಲ್ಲ ಬೋಗುಣಿಯತ್ತ ಕತ್ತು ಚಾಚಿದರು.

“ಕದ್ದೆ ಅಂತಾನೇ ಅನ್ನಿ, ನಂಗೇನು. ಬುಟ್ಟಿ ಬುಟ್ಟಿ ಕದ್ದೆ. ಒದ್ದೆ ಗೋಣಿ ಕೆಳಗಿದ್ದದ್ದನ್ನೂ ಬಿಡ್ಲಿಲ್ಲ. ನನ್ನ ಪಾತೀಲಿರೋ ಒಂದೊಂದು ಚಿಪ್ಪೂ ಅವಳದ್ದು, ಅದ್ರಲ್ಲಿರೋ ಮೊಟ್ಟೇನೂ ಅವಳದ್ದು. ಈಗ ತಾನೇ ಅವಳ ಬಾಯಿಂದಾನೇ ಕೇಳಿದ್ರಲ್ಲ. ನಾನು ಕಲ್ಲಿನ ಹತ್ರ ಕೂರ್ತೀನಿ. ಕಟ್ಟಳೆ ಪ್ರಕಾರ ನನ್ನ ಪಾತಿ ಯಾರು ನೋಡ್ಕೋಬೇಕೋ ಅವರು ನೋಡ್ಕೊಳ್ಳಲಿ.”

ವಾರಗಿತ್ತಿಯ ಮುಖದ ಬೆಣ್ಣೆ ಕರಗಲು ಒಂದು ಗಳಿಗೆ ಹಿಡಿಯಿತು. ಲಂಗರಜ್ಜ ಬೋಗುಣಿಗೆ ಬಗ್ಗಿ ನೋಡಿದ, ಬಾಯಿ ಚಪ್ಪರಿಸಿದ, ಮತ್ತೆ ನೋಡಿದ.

“ಅಜ್ಜಾ, ಅದು ಆಗ್ಲೇ ಹುಳ ಬಿದ್ದಿರೋ ಪಾತಿ! ನಾನ್ಯಾಕೆ...”

“ಹುಳ ನಿನ್ನ ರಾಶಿದ್ದು ಅಂದ್ಯಲ್ಲಮ್ಮಾ.”

“ನನ್ನ ಹಿತ್ತಲಲ್ಲಿ ನಾನೇನು ನೆನೆಹಾಕಿದ್ರೂ...”

“ಅದಕ್ಕೆ ದಂಡ ಇಲ್ಲ. ನಿನ್ನ ಹಿತ್ತಲು, ನಿನ್ನ ಗೋಣಿ” ಎಂದ ಲಂಗರಜ್ಜ. “ಅವಳು ಕೂರ್ತಾಳೆ. ನೀನು ಪಕ್ಕದೋಳು, ನೀನು ನೋಡ್ಕೋತೀಯ. ಬೆಳೆ ನಿನ್ನದು. ಹಂಗಾಮಿನ ಕೊನೇಲಿ ಒಂದು ಕೊರಕ ಇರಬಾರದು.”

ಮಾಡಿದ್ದುಣ್ಣೋ ಮಹಾರಾಯ ಎಂದು ಹಿಂದಿನಿಂದ ಯಾರೋ ಅಂದರು. ಇಬ್ಬರಲ್ಲಿ ಯಾರಿಗೆ ಅಂದದ್ದೆಂದು ತಿಳಿಯದೆ ಇಬ್ಬರೂ ತಿರುಗಿ ದುರುಗುಟ್ಟಿದರು.

ಆ ಹಂಗಾಮನ್ನು ಬೈರಿಗೆ ಜೀವಮಾನದಲ್ಲಿ ಮರೆಯಲಿಲ್ಲ. ಕಳ್ಳಿ ಎಂಬ ಹೆಸರು ಬೈರಿಗೆ ಎಂಬ ಹೆಸರಿನ ಪಕ್ಕಕ್ಕೆ ಬಂದು ಕೂತಿತು. ಬಾವಿಕಟ್ಟೆಯಲ್ಲಿ ಮಾತು ನಿಲ್ಲುತ್ತಿತ್ತು, ಅಂಗಡಿಯವನು ಅವಳು ಬಂದರೆ ಡಬ್ಬಗಳ ಮುಚ್ಚಳ ನೋಡಿಕೊಳ್ಳುತ್ತಿದ್ದ. ನೋವಾಗಲಿಲ್ಲವೆಂದರೆ ಸುಳ್ಳು, ಬಹಳ ನೋವಾಯಿತು. ಅದಕ್ಕೆ ಮದ್ದು ಕಣ್ಣೆದುರೇ ಇತ್ತು. ಜಜ್ಜುಗಲ್ಲಿನ ಬಳಿ ಸುತ್ತಿಗೆ ಹಿಡಿದು ಕೂತರೆ ಮೇಲ್ಪಾತಿ ನೇರ ಕಾಣುತ್ತಿತ್ತು. ಅಲ್ಲಿ ವಾರಗಿತ್ತಿ ಮಂಡಿಯೂರಿ, ಮೂಗು ಕಲ್ಲಿಗೆ ತಾಗಿಸಿ, ಹುಬ್ಬು ಕೀಳುವ ಚಿಮಟದಿಂದ ಸಾಸಿವೆ ಹೆಕ್ಕುತ್ತಿದ್ದಳು. ಅದು ಮುಗಿದರೆ ತನ್ನ ಕೆಳಪಾತಿ. ನೀರು ಏರುವ ತನಕ ಅವಳ ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಆಮೇಲೆ ಡಬ್ಬಿ ತಂದು ಬೈರಿಗೆಯ ಮುಂದೆ ಇಡಬೇಕಿತ್ತು.

“ಇಷ್ಟೇನಾ?” ಎನ್ನುತ್ತಿದ್ದಳು ಬೈರಿಗೆ.

“ನಿಮ್ಮ ಸುತ್ತಿಗೆಗೆ ಸಾಕು” ಎನ್ನುತ್ತಿದ್ದಳು ವಾರಗಿತ್ತಿ. ಇಡೀ ದಿನಕ್ಕೆ ಅವರಿಬ್ಬರ ಮಾತು ಇಷ್ಟೇ.

ಒಂದು ವಿಷಯ ಮಾತ್ರ ಬೈರಿಗೆಯ ಗಂಟಲಲ್ಲಿ ಸಿಕ್ಕಿಕೊಂಡಿತು. ಸತ್ತ ಮರಿಗಳ ನಡುವೆ ಉಳಿದವಕ್ಕೆ ಜಾಗ ಸಿಕ್ಕಿತ್ತು. ಒತ್ತೊತ್ತಾಗಿ ಒಂದರ ಅನ್ನ ಇನ್ನೊಂದು ಕಸಿದು ಕುಳ್ಳಾಗುತ್ತಿದ್ದ ಚಿಪ್ಪು ಈ ಸಲ ಹರವಾಗಿ ಕೂತು ಉಬ್ಬಿತು. ಹಿಂದೆ ಜೋರು ಅಲೆ ಬಂದರೆ ಒಂದರ ಮೇಲೊಂದು ಕೂತ ಚಿಪ್ಪು ಕಂಬಳಿಯಂತೆ ಸುತ್ತಿ ಕಿತ್ತು ಹೋಗುತ್ತಿತ್ತು, ಈ ಸಲ ಕಲ್ಲು ಹಿಡಿದು ನಿಂತಿತು. ಕೊಯ್ಲಿನ ದಿನ ವಾರಗಿತ್ತಿಯ ಬುಟ್ಟಿಯಲ್ಲಿ ಮೇಲ್ಪಾತಿಯ ಚಿಪ್ಪು ಹೋಗುವುದನ್ನು ಬೈರಿಗೆ ನೋಡಿದಳು. ಲೆಕ್ಕಕ್ಕೆ ಕಡಿಮೆ, ಆದರೆ ಒಂದೊಂದೂ ಹೆಬ್ಬೆರಳಿನುದ್ದ. ಇಷ್ಟು ವರ್ಷ ಕೆಳಪಾತಿಯಲ್ಲಿ ದೊಡ್ಡ ಚಿಪ್ಪು ಬೆಳೆದದ್ದರಲ್ಲಿ ಆ ಹಾಳು ಹುಳದ ಪಾಲೂ ಇತ್ತೆಂದು ಅವಳಿಗೆ ಆಗ ಅರ್ಥವಾಯಿತು. ಕೊರಕವನ್ನು ಹೊಗಳುವ ಬದಲು ನಾಲಿಗೆ ಕಚ್ಚಿಕೊಂಡಳು.

ಪಾತಿ ಮರಳಿಸುವ ದಿನ ಸಂಘದವರೆಲ್ಲ ದಡದಲ್ಲಿ ನಿಂತರು. ಲಂಗರಜ್ಜನಿಗೆ ಪೆಟ್ಟಿಗೆ ಹಾಕಿಕೊಟ್ಟರು. ಕಟ್ಟಳೆಯಂತೆ ಒಡತಿ ಒಂದು ಇಳಿತದ ಹೊತ್ತು ಹುಡುಕಬಹುದು. ಬೈರಿಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದಳು. ಬಲೆ ಎತ್ತಿದಳು, ಚಿಪ್ಪು ಮಗುಚಿದಳು, ಗಂಡನ ಕನ್ನಡಕ ಹಿಡಿದು ಸಂದುಸಂದು ನೋಡಿದಳು. ಸಾಸಿವೆಯಿಲ್ಲ, ಗೋಧಿಯಿಲ್ಲ. ವಾರಗಿತ್ತಿ ಮಾಡಿದ ಕೆಲಸ ಅಚ್ಚುಕಟ್ಟಾಗಿತ್ತು. ಅದಕ್ಕೆ ಇನ್ನಷ್ಟು ಹೊಟ್ಟೆ ಉರಿಯಿತು.

ನೀರು ಏರಲು ಶುರುವಾದಾಗ ಮೂಲೆಯಲ್ಲಿ ಅತ್ತೆ ನೆಟ್ಟಿದ್ದ ಗಡಿಕಲ್ಲಿನ ಬುಡಕ್ಕೆ ಕೈ ಹಾಕಿದಳು. ಬೆರಳಿಗೆ ಗಂಟುಗಂಟು ತಾಗಿತು. ಕೊರಕ. ಜೀವಂತ.

ಕೈ ಎತ್ತಿದರೆ ಮುಗಿಯಿತು, ವಾರಗಿತ್ತಿ ಒಂದು ಹಂಗಾಮು ಕಲ್ಲಿನ ಬಳಿ ಕೂರಬೇಕು, ಎಲ್ಲರೆದುರು. ಬಾಯಿ ತೆರೆದವಳು ಅಂಗೈಯನ್ನು ಇನ್ನೊಮ್ಮೆ ನೋಡಿದಳು. ಹೆಬ್ಬೆರಳ ಉಗುರಿನ ಗಾತ್ರ. ಅವಳ ಪಾತಿಯಲ್ಲಿ ಹುಟ್ಟಿದವು ಒಂದು ಹಂಗಾಮಿನಲ್ಲಿ ಇಷ್ಟು ದೊಡ್ಡವಾಗಲು ಸಾಧ್ಯವೇ ಇಲ್ಲ. ಇದು ವರ್ಷಗಳನ್ನು ಕಂಡದ್ದು, ಕೆಳಪಾತಿಯ ಮುದಿ ಕೊರಕ. ಮರಳು ದಾಟಿ ನಡೆದು ಬಂದದ್ದಲ್ಲ. ಯಾರೋ ತಂದು, ಅವಳು ಕೊನೆಗೆ ಕೈ ಹಾಕುವ ಜಾಗದಲ್ಲೇ ಇಟ್ಟದ್ದು. ಯಾರೆಂದು ಸಾಬೀತು ಮಾಡಲು ದಾರಿಯಿಲ್ಲ.

ಇಟ್ಟದ್ದೇಕೆ? ಅದೂ ಕ್ಷಣದಲ್ಲಿ ಹೊಳೆಯಿತು. ವಾರಗಿತ್ತಿ ಕೂತರೆ ಕೆಳಪಾತಿಯನ್ನು ಪಕ್ಕದವಳು ನೋಡಿಕೊಳ್ಳಬೇಕು. ಕೊರಕ ಗೋಧಿಕಾಳಿನಂಥ ಆ ಮೊಟ್ಟೆ ಇಡುವ ಕಾಲ ಬಂದಿತ್ತು. ಕಲ್ಲಿನಡಿ ಹೆಣ್ಣುಗಳೆಲ್ಲ ಗುಂಪುಗೂಡಿ ಇಡುತ್ತವೆಂದು ಈ ಹಂಗಾಮಿನಲ್ಲಿ ಅವಳು ಕಲ್ಲಿನ ಬಳಿ ಕೂತೇ ಕೇಳಿ ತಿಳಿದಿದ್ದಳು. ಎಂದೆಂದೂ ಶುದ್ಧವಾಗದ ಆ ಪಾತಿಯನ್ನು ಒಂದು ಕೊರಕವೂ ಇಲ್ಲದಂತೆ ಮರಳಿಸಬೇಕಾದವಳು ಬೈರಿಗೆ.

ದಡದಲ್ಲಿ ವಾರಗಿತ್ತಿ ಸಮುದ್ರದ ಕಡೆ ಮುಖ ಮಾಡಿ, ಏನೂ ಅರಿಯದವಳಂತೆ ನಿಂತಿದ್ದಳು.

ಬೈರಿಗೆ ಮುಷ್ಟಿ ಮುಚ್ಚಿದಳು.

“ಏನಾದ್ರೂ ಸಿಕ್ತೇನಮ್ಮಾ?” ಎಂದು ಲಂಗರಜ್ಜ ಕೂಗಿದ.

“ಏನೂ ಇಲ್ಲ ಅಜ್ಜಾ. ಅಂತೂ ಇವಳು ಗುಡಿಸೋದು ಕಲಿತಳು.”

ಮನೆಯ ದಾರಿಯಲ್ಲಿ ವಾರಗಿತ್ತಿ ಹಿಂದಿನಿಂದ ಬಂದು ಜೊತೆಗೂಡಿದಳು. ಬಹಳ ವರ್ಷಗಳ ನಂತರ ಇಬ್ಬರೂ ಪಕ್ಕಪಕ್ಕದಲ್ಲಿ ನಡೆದದ್ದು ಅದೇ ಮೊದಲು.

“ಅಕ್ಕಾ, ಕೈಯಲ್ಲೇನೋ ಇರೋ ಹಾಗಿದೆ?”

“ನಿಂಗ್ಯಾಕೆ?”

“ಸುಮ್ನೆ ಕೇಳಿದೆ. ಸಿಕ್ಕಿದ್ದನ್ನ ಎತ್ತಿಕೊಳ್ಳದೆ ಬಿಡೋರಲ್ಲ ನೀವು. ಏನೂ ಸಿಗ್ಲಿಲ್ಲ ಅಂದ್ರಲ್ಲ, ಅದಕ್ಕೇ ಆಶ್ಚರ್ಯ.”

ಬೈರಿಗೆ ಖಾಲಿಯಾಗಿದ್ದ ದಡಕ್ಕೆ ತಿರುಗಿ ನಡೆದಳು. ಜಜ್ಜುಗಲ್ಲಿಗೆ ಹೋಗಿ, ಮುಷ್ಟಿ ಬಿಚ್ಚಿ, ಒಂದೇ ಏಟಿಗೆ ಜಜ್ಜಿದಳು. ಮನೆಗೆ ಬಂದು ಹಿತ್ತಲಿಗೆ ನಡೆದಳು. ಗಂಡನಿಂದ ಕೆಸರಿನೊಳಗಿಂದ ಅಗೆಸಿ, ತೊಳೆಸಿ, ಒಣಗಿಸಿದ ಅವಳ ಚಿಪ್ಪಿನ ರಾಶಿ ಅಲ್ಲಿ ಬೆಳ್ಳಗೆ ಬಿದ್ದಿತ್ತು. ಶೆಡ್ಡಿನಿಂದ ಒಂದು ಗೋಣಿ ತಂದು ಬಕೆಟಿನಲ್ಲಿ ಚೆನ್ನಾಗಿ ನೆನೆಸಿದಳು. ಕಟ್ಟೆಯ ಆಚೆಯಿಂದ ಕಾಣುವಂತೆ ಅದನ್ನು ರಾಶಿಯ ಒಂದು ಮೂಲೆಗೆ ಹೊದಿಸಿ, ನಾಲ್ಕು ಕಡೆ ಕಲ್ಲು ಹೇರಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಗೋಣಿಯ ಕೆಳಗೆ ಬರೀ ಒಣ ಚಿಪ್ಪಲ್ಲದೆ ಏನೂ ಇರಲಿಲ್ಲ. ಆ ರಾತ್ರಿ ವಾರಗಿತ್ತಿಗೆ ನಿದ್ದೆ ಬರಲಿಲ್ಲ.